ಜೋಕಾಲಿ ಜೀಕುವವರು ಯಾರು?

ಪಂಚಮಿ ಬಂತೆಂದರೆ ವಿಜಯಪುರದ ಕಡೆ ಬೇವಿನ ಗಿಡದ ಟೊಂಗೆಗೆ ಹಗ್ಗ ಬೀಳುತ್ತದೆ. ಗಿಡವಿಲ್ಲದ ಓಣಿಯಲ್ಲಿ ಮನೆಯ ತೊಲೆಗೇ ಜೋಕಾಲಿ. ತವರಿಗೆ ಬಂದ ಹೆಣ್ಣುಮಕ್ಕಳು ಎದುರುಬದುರು ನಿಂತು ಜೀಕುತ್ತಾರೆ. ಅವರು ದಣಿದು ಇಳಿದ ಮೇಲೆ ಒಂದು ಕೈಯಲ್ಲಿ ಶೇಂಗಾ ಉಂಡಿ ಹಿಡಿದ ಮಕ್ಕಳ ಪಾಳಿ.

ಕಳೆದ ವರ್ಷ ಅದೇ ಜೋಕಾಲಿಯನ್ನು ನಗರದ ಒಂದು ಥೆರಪಿ ಕೊಠಡಿಯಲ್ಲಿ ಕಂಡೆ. ನೆರೆಮನೆಯ ಆಯಿ ತನ್ನ ನಾಲ್ಕೂವರೆ ವರ್ಷದ ಮೊಮ್ಮಗನನ್ನು ವಾರಕ್ಕೊಮ್ಮೆ ಅಲ್ಲಿಗೆ ಕರೆದೊಯ್ಯುತ್ತಿದ್ದರು. ಒಂದು ದಿನ ಜೊತೆಗೆ ನಾನೂ ಹೋದೆ. ಛಾವಣಿಯ ಕೊಂಡಿಗೆ ಹಗ್ಗ, ಹಗ್ಗಕ್ಕೆ ಹಲಗೆ, ಕೆಳಗೆ ದಪ್ಪನೆಯ ಮೆತ್ತೆ. ಮೂಲೆಯಲ್ಲಿ ಒಂದು ಬುಟ್ಟಿ ಜೋಳ, ಒಂದು ಬುಟ್ಟಿ ಮರಳು. ಆಯಿ ಸುತ್ತ ನೋಡಿ, "ಇದಕ್ಕೆ ರೊಕ್ಕ ಯಾಕೆ ಕೊಡಬೇಕು? ನಾವು ಇದನ್ನೆಲ್ಲ ಪುಕ್ಕಟೆ ಆಡಿ ಬೆಳೆದವರು" ಎಂದರು. ಆ ಮಾತಿನಲ್ಲಿ ನಿಜವಿತ್ತು, ಸ್ವಲ್ಪ ಅವಸರವೂ ಇತ್ತು.

ಮೊದಲು ನಿಜವನ್ನು ನೋಡೋಣ. ನಮ್ಮ ಒಳಕಿವಿಯಲ್ಲಿ ಶಬ್ದ ಗ್ರಹಿಸುವ ಶಂಖದಾಕಾರದ ಅಂಗಕ್ಕೆ ಅಂಟಿಕೊಂಡೇ ಮೂರು ಬಾಗಿದ ನಾಳಗಳಿವೆ, ಅವುಗಳ ತುಂಬ ದ್ರವ. ತುಂಬಿದ ಕೊಡವನ್ನು ಸರಕ್ಕನೆ ತಿರುಗಿಸಿದರೆ ಕೊಡ ತಿರುಗುತ್ತದೆ, ಒಳಗಿನ ನೀರು ಒಡನೆಯೇ ತಿರುಗುವುದಿಲ್ಲ. ತಲೆ ತಿರುಗಿಸಿದಾಗ ಈ ನಾಳಗಳಲ್ಲಿ ಆಗುವುದೂ ಅದೇ. ಹಿಂದೆ ಉಳಿದ ದ್ರವ ಅಲ್ಲಿನ ಸೂಕ್ಷ್ಮ ರೋಮಗಳನ್ನು ಬಾಗಿಸುತ್ತದೆ, ತಲೆ ಯಾವ ಕಡೆ ಎಷ್ಟು ವೇಗವಾಗಿ ತಿರುಗಿತೆಂಬುದು ಮೆದುಳಿಗೆ ತಿಳಿಯುತ್ತದೆ. ಪಕ್ಕದಲ್ಲೇ ಎರಡು ಪುಟ್ಟ ಚೀಲಗಳಿವೆ. ಅವುಗಳೊಳಗಿನ ಅಂಟು ಪದರದ ಮೇಲೆ ಕ್ಯಾಲ್ಸಿಯಂ ಕಾರ್ಬೊನೇಟಿನ ಹರಳುಗಳು ಕೂತಿರುತ್ತವೆ. ಬಾಗಲಕೋಟೆಯ ಸುತ್ತ ಅಗೆಯುವ ಸುಣ್ಣದ ಕಲ್ಲಿನಲ್ಲಿರುವುದೂ ಮುಖ್ಯವಾಗಿ ಇದೇ ವಸ್ತು! ಜೋಕಾಲಿ ಮುಂದೆ ಹೋದಾಗ, ಹಿಂದೆ ಬಂದಾಗ, ತುದಿಯಲ್ಲಿ ಅರೆಕ್ಷಣ ನಿಂತಾಗ ಈ ಹರಳುಗಳು ಜಾರಿ ಸುದ್ದಿ ಕೊಡುತ್ತವೆ. ಈ ವ್ಯವಸ್ಥೆಯ ಗುಟ್ಟು ಬಿಡಿಸಿದವರಲ್ಲಿ ವಿಯೆನ್ನಾದ ರಾಬರ್ಟ್ ಬಾರಾನಿ ಪ್ರಮುಖರು. ರೋಗಿಗಳ ಕಿವಿಗೆ ತಣ್ಣೀರು ಬಿಟ್ಟರೆ ಒಂದು ಬಗೆಯ ತಲೆಸುತ್ತು, ಬಿಸಿನೀರು ಬಿಟ್ಟರೆ ಇನ್ನೊಂದು ಬಗೆಯದು ಎಂಬುದನ್ನು ಗಮನಿಸಿ ಅವರು ಬೆನ್ನುಹತ್ತಿದರು. 1914ರ ನೊಬೆಲ್ ಪ್ರಶಸ್ತಿಯ ಸುದ್ದಿ ಬಂದಾಗ ಅವರು ರಷ್ಯಾದಲ್ಲಿ ಯುದ್ಧಕೈದಿಯಾಗಿದ್ದರು.

ಕಣ್ಣು, ಕಿವಿ, ಮೂಗು, ನಾಲಿಗೆ, ಚರ್ಮ ಎಂದು ಐದಕ್ಕೇ ಲೆಕ್ಕ ಮುಗಿಸುವ ನಾವು ಈ ತೂಗಾಟದ ಇಂದ್ರಿಯವನ್ನು ಮರೆಯುತ್ತೇವೆ. ಮರೆತದ್ದು ಇನ್ನೊಂದೂ ಇದೆ. ಜೋಳದ ರೊಟ್ಟಿ ಬಡಿಯುವ ಹೆಣ್ಣುಮಗಳನ್ನು ನೋಡಿ. ಬಾಗಿಲಲ್ಲಿ ನಿಂತವರೊಡನೆ ಮಾತಾಡುತ್ತಲೇ ಇರುತ್ತಾಳೆ, ರೊಟ್ಟಿ ಮಾತ್ರ ತನ್ನಷ್ಟಕ್ಕೆ ತಿರುಗುತ್ತ ಅಂಚಿನವರೆಗೆ ಒಂದೇ ಹದಕ್ಕೆ ತೆಳ್ಳಗಾಗುತ್ತದೆ. ಇಳಕಲ್ಲಿನ ಕೈಮಗ್ಗದಲ್ಲಿ ಕೂತ ನೇಕಾರ ತನ್ನ ಕಾಲನ್ನು ನೋಡುವುದೇ ಇಲ್ಲ, ಕಣ್ಣೆಲ್ಲ ನೂಲಿನ ಮೇಲೆ. ಕೈ ಎಲ್ಲಿದೆ, ಕಾಲು ಎಷ್ಟು ಬಾಗಿದೆ, ಎಷ್ಟು ಬಲ ಹಾಕಿದೆ ಎಂಬ ವರದಿ ಸ್ನಾಯು, ಸ್ನಾಯುರಜ್ಜು, ಕೀಲುಗಳೊಳಗಿನ ಸಂವೇದಕಗಳಿಂದ ಸದಾ ಬರುತ್ತಿರುತ್ತದೆ. ಇಂಗ್ಲೆಂಡಿನ ಚಾರ್ಲ್ಸ್ ಶೆರಿಂಗ್ಟನ್ 1906ರಲ್ಲಿ ಇದಕ್ಕೆ ಪ್ರೊಪ್ರಿಯೋಸೆಪ್ಶನ್ ಎಂದು ಹೆಸರಿಟ್ಟರು. ಮೈಯರಿವು ಎಂದರೆ ನಮಗೆ ಸಾಕು.

ಈ ವರದಿಗಳೆಲ್ಲ ಬಂದು ಸೇರುವ ಮುಖ್ಯ ಜಾಗಗಳಲ್ಲಿ ಒಂದು ತಲೆಯ ಹಿಂಭಾಗದ ಕಿರುಮೆದುಳು. ತೂಕದಲ್ಲಿ ಇಡೀ ಮೆದುಳಿನ ಹತ್ತನೆಯ ಒಂದು ಪಾಲು. ಆದರೆ ಮೆದುಳಿನ ಸುಮಾರು 8,600 ಕೋಟಿ ನರಕೋಶಗಳಲ್ಲಿ 6,900 ಕೋಟಿ ಇಲ್ಲೇ ಇವೆ. ಇದರ ಕಸುಬು ಅಂದಾಜು ಕಟ್ಟುವುದು. ಗೋಳಗುಮ್ಮಟದ ಮೂಲೆಗೋಪುರದೊಳಗಿನ ಮೆಟ್ಟಿಲು ಹತ್ತಿದವರಿಗೆ ಇದರ ಅನುಭವ ಇದ್ದೇ ಇರುತ್ತದೆ. ನಾಲ್ಕೈದು ಮೆಟ್ಟಿಲು ಹತ್ತುವಷ್ಟರಲ್ಲಿ ಕಾಲು ಎತ್ತರವನ್ನು ಕಲಿತುಬಿಡುತ್ತದೆ, ಆಮೇಲೆ ನೋಡುವ ಗರಜು ಇಲ್ಲ. ನಡುವೆ ಒಂದು ಮೆಟ್ಟಿಲು ಎರಡು ಬೆರಳು ಹೆಚ್ಚು ಎತ್ತರವಿದ್ದರೆ ಮುಗ್ಗರಿಸುತ್ತೇವೆ. ಎಡವಿದ್ದು ಕಾಲಾದರೂ ತಪ್ಪಿದ್ದು ಕಿರುಮೆದುಳಿನ ಅಂದಾಜು. ಅದು ಆ ತಪ್ಪನ್ನು ಬರೆದಿಟ್ಟುಕೊಂಡು ಲೆಕ್ಕ ತಿದ್ದುತ್ತದೆ. ನಮಗೆ ನಾವೇ ಕಚಗುಳಿ ಇಟ್ಟುಕೊಂಡರೆ ನಗು ಬಾರದಿರುವುದೂ ಈ ಅಂದಾಜಿನಿಂದಲೇ. ನಾವೇ ಉಂಟುಮಾಡುವ ಸ್ಪರ್ಶ, ಸಪ್ಪಳಗಳನ್ನು ಮೆದುಳು ಮೊದಲೇ ಊಹಿಸಿ ಅವುಗಳ ತೀವ್ರತೆಯನ್ನು ಇಳಿಸಿಬಿಡುತ್ತದೆ.

ಹಾಗಾದರೆ ಮಗುವನ್ನು ಜೋಕಾಲಿಯಲ್ಲಿ ಕೂರಿಸಿ ತೂಗಿದರೆ ಮೆದುಳು ಬೆಳೆಯುತ್ತದೆಯೇ? ಆಯಿಯ ಅವಸರ ಇದ್ದದ್ದು ಇಲ್ಲಿ. 1963ರಲ್ಲಿ ಅಮೆರಿಕದ ರಿಚರ್ಡ್ ಹೆಲ್ಡ್ ಮತ್ತು ಅಲನ್ ಹೈನ್ ಬೆಕ್ಕಿನ ಮರಿಗಳ ಮೇಲೆ ಒಂದು ಪ್ರಯೋಗ ಪ್ರಕಟಿಸಿದರು. ಕತ್ತಲಲ್ಲಿ ಬೆಳೆಸಿದ ಮರಿಗಳನ್ನು ದಿನಕ್ಕೆ ಮೂರು ತಾಸು, ಜೋಡಿ ಜೋಡಿಯಾಗಿ, ಗೆರೆ ಬಳಿದ ದುಂಡನೆಯ ಗೋಡೆಯೊಳಗೆ ಬಿಟ್ಟರು. ನಡುವೆ ಗಾಣದಂಥ ಒಂದು ಅಡ್ಡತೊಲೆ. ಒಂದು ತುದಿಗೆ ಕಟ್ಟಿದ ಮರಿ ತನ್ನ ಕಾಲಿನಿಂದ ನಡೆಯುತ್ತಿತ್ತು. ಇನ್ನೊಂದು ತುದಿಯ ತೊಟ್ಟಿಲಲ್ಲಿ ಕೂತ ಮರಿ, ಮೊದಲನೆಯದು ಹೋದಲ್ಲೆಲ್ಲ ತಾನೂ ತಿರುಗುತ್ತಿತ್ತು. ಎರಡರ ಕಣ್ಣಿಗೂ ಬಿದ್ದದ್ದು ಒಂದೇ ನೋಟ, ಇಬ್ಬರದೂ ಒಂದೇ ಸುತ್ತಾಟ. ಕೆಲವು ದಿನಗಳ ನಂತರ ಮರಿಗಳನ್ನು ಎತ್ತಿ ಮೇಜಿನತ್ತ ತಂದಾಗ, ನಡೆದ ಮರಿ ಅಂಚು ಹತ್ತಿರವಾಗುತ್ತಲೇ ಮುಂಗಾಲು ಚಾಚಿತು. ಕೂತು ತಿರುಗಿದ ಮರಿ ಚಾಚಲಿಲ್ಲ. ಆಳವಾದ ಅಂಚನ್ನು ಕಂಡರೆ ಹಿಂಜರಿಯುವುದೂ ಅದಕ್ಕೆ ಬರಲಿಲ್ಲ. ಆಮೇಲೆ ಬೆಳಕಿನಲ್ಲಿ ಸ್ವತಂತ್ರವಾಗಿ ಓಡಾಡಲು ಬಿಟ್ಟಾಗ ಎರಡೇ ದಿನದಲ್ಲಿ ಅದೂ ಕಲಿತುಕೊಂಡಿತು.

ಬೆಕ್ಕು ಬೇರೆ, ಮಗು ಬೇರೆ, ಒಪ್ಪುತ್ತೇನೆ. ಆದರೂ ಮಕ್ಕಳ ಚಲನೆಯ ಬಗ್ಗೆ ಯಾರು ಏನು ಹೇಳಿದರೂ ನನಗೆ ಆ ತೊಟ್ಟಿಲಿನ ಮರಿಯೇ ನೆನಪಾಗುತ್ತದೆ. ಜೋಕಾಲಿಗಿಂತ ಜೀಕುವುದು ಮುಖ್ಯ ಎಂಬ ನನ್ನ ಪಟ್ಟು ಅಲ್ಲಿಂದ ಬಂದದ್ದು.

ಹೆಜ್ಜೆ ಕಲಿಯುವ ಮಗು ಎಷ್ಟು ಜೀಕುತ್ತದೆ ಎಂಬುದನ್ನು ಅಮೆರಿಕದ ಸಂಶೋಧಕಿ ಕ್ಯಾರನ್ ಅಡಾಲ್ಫ್ ಮತ್ತು ಸಂಗಡಿಗರು 2012ರಲ್ಲಿ ಎಣಿಸಿದರು. 12ರಿಂದ 19 ತಿಂಗಳ ಮಕ್ಕಳು ಆಡುವಾಗ ಗಂಟೆಗೆ ಸರಾಸರಿ 2,368 ಹೆಜ್ಜೆ ಇಟ್ಟರು, 17 ಸಲ ಬಿದ್ದರು. ಯಾರೂ ಹೇಳಿಕೊಡದೆ, ಬಿದ್ದದ್ದಕ್ಕೆ ಬೇಸರಪಡದೆ! ನಮ್ಮಲ್ಲಿ ಮಕ್ಕಳು ತಳ್ಳಿಕೊಂಡು ನಡೆಯುತ್ತಿದ್ದ ಮೂರು ಗಾಲಿಯ ಕಟ್ಟಿಗೆಯ ಬಂಡಿ ಈ ಲೆಕ್ಕಕ್ಕೆ ಹೊಂದುತ್ತದೆ, ಏಕೆಂದರೆ ನಿಲ್ಲುವ, ತಳ್ಳುವ, ಬೀಳುವ ಕೆಲಸವೆಲ್ಲ ಮಗುವಿನದೇ. ಒಳಗೆ ಕೂರಿಸಿ ಉರುಳಿಸುವ ಪ್ಲಾಸ್ಟಿಕ್ ವಾಕರ್ ಅದಲ್ಲ. ಗಾಯಗಳ ಕಾರಣಕ್ಕೆ ಕೆನಡಾ 2004ರಲ್ಲಿ ಅದರ ಮಾರಾಟವನ್ನೇ ನಿಷೇಧಿಸಿತು. ಅಂಬೆಗಾಲಿಡದ ಮಗುವಿನ ಮೆದುಳು ಹಿಂದೆ ಬೀಳುತ್ತದೆ ಎಂದು ಹೆದರಿಸುವವರಿದ್ದಾರೆ. ವಿಶ್ವ ಆರೋಗ್ಯ ಸಂಸ್ಥೆ 2006ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಆರೋಗ್ಯವಂತ ಮಕ್ಕಳಲ್ಲೇ ಶೇ. 4ರಷ್ಟು ಅಂಬೆಗಾಲಿಡದೆ ನೇರವಾಗಿ ನಡೆದಿದ್ದರು.

ಈಗ ಥೆರಪಿಯ ವಿಷಯ. ಅಮೆರಿಕದ ಆಕ್ಯುಪೇಷನಲ್ ಥೆರಪಿಸ್ಟ್ (ದಿನನಿತ್ಯದ ಕೆಲಸಗಳನ್ನು ರೂಢಿಸುವ ಚಿಕಿತ್ಸಕಿ) ಜೀನ್ ಏರ್ಸ್ 1972ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ಸಂವೇದನಾ ಸಂಯೋಜನೆ ಎಂಬ ಸಿದ್ಧಾಂತವನ್ನು ವಿವರಿಸಿದರು. ತೂಗಾಟ, ಮೈಯರಿವು, ಸ್ಪರ್ಶ ಇವುಗಳ ಸುದ್ದಿಯನ್ನು ಮೆದುಳು ಸರಿಯಾಗಿ ಹೆಣೆಯದಿದ್ದರೆ ಕಲಿಕೆ, ನಡವಳಿಕೆ ಎರಡೂ ತೊಡಕಾಗುತ್ತವೆ, ಮಗುವೇ ಆರಿಸಿಕೊಂಡು ಆಡುವ ತಕ್ಕ ಆಟಗಳಿಂದ ಆ ಹೆಣಿಗೆ ಸುಧಾರಿಸುತ್ತದೆ ಎಂಬುದು ಅದರ ತಿರುಳು. ಕೇಳಲು ಸೊಗಸಾಗಿದೆ. ಪುರಾವೆ ಅಷ್ಟು ಗಟ್ಟಿಯಾಗಿಲ್ಲ. 2014ರಲ್ಲಿ ಆಟಿಸಂ (ಇತರರೊಡನೆ ಬೆರೆಯುವುದು, ಮಾತಾಡುವುದು ಕಷ್ಟವಾಗುವ ಬೆಳವಣಿಗೆಯ ಭಿನ್ನತೆ) ಇರುವ 32 ಮಕ್ಕಳ ಪುಟ್ಟ ಅಧ್ಯಯನವೊಂದು ಒಳ್ಳೆಯ ಫಲ ತೋರಿಸಿತು. 2022ರಲ್ಲಿ ಪ್ರಕಟವಾದ ಬ್ರಿಟನ್ನಿನ 138 ಮಕ್ಕಳ ಪ್ರಯೋಗದಲ್ಲಿ ಮಾಮೂಲು ಆರೈಕೆಗಿಂತ ಹೆಚ್ಚಿನ ಉಪಯೋಗ ಕಾಣಲಿಲ್ಲ. ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ 2012ರಲ್ಲೇ ಎಚ್ಚರಿಸಿತ್ತು: ಪುರಾವೆ ಸೀಮಿತ ಎಂದು ತಂದೆತಾಯಿಗೆ ತಿಳಿಸಿ, ಗುರಿ ಬರೆದುಕೊಂಡು, ಇಂತಿಷ್ಟೇ ಅವಧಿಗೆ ಮಾಡಿ ನೋಡಿ. ಮಗು ಚೆನ್ನಾಗಿ ನಿದ್ದೆ ಮಾಡಲೆಂದು ಹೊದಿಸುವ, ಒಳಗೆ ಭಾರ ತುಂಬಿದ ಹೊದಿಕೆಯ ಕಥೆಯೂ ಹೀಗೇ. 2014ರ ಪ್ರಯೋಗದಲ್ಲಿ ಅದನ್ನು ಹೊದ್ದ ಆಟಿಸಂ ಮಕ್ಕಳ ನಿದ್ದೆ ಹೆಚ್ಚಲಿಲ್ಲ, ಮಕ್ಕಳಿಗೆ ಹೊದಿಕೆ ಮಾತ್ರ ಇಷ್ಟವಾಯಿತು. ನಮ್ಮ ಕೌದಿ ಹೊದ್ದವರಿಗೆ ಇದು ಅಚ್ಚರಿಯಲ್ಲ. ಹಸುಗೂಸಿಗೆ ಮಾತ್ರ ಭಾರದ ಹೊದಿಕೆ ಬೇಡವೇ ಬೇಡ.

ಇನ್ನೂ ದೂರವಿಡಬೇಕಾದದ್ದು ಮೆದುಳಿಗೆ ಪೆಟ್ಟಾದ ಮಕ್ಕಳಿಗೆಂದು 1960ರ ದಶಕದಲ್ಲಿ ಹಬ್ಬಿದ ಪ್ಯಾಟರ್ನಿಂಗ್ ಎಂಬ ಚಿಕಿತ್ಸೆ. ಮಗುವನ್ನು ಮೇಜಿನ ಮೇಲೆ ಮಲಗಿಸಿ, ನಾಲ್ಕೈದು ಮಂದಿ ಸುತ್ತ ನಿಂತು, ಅದರ ಕೈಕಾಲು, ತಲೆಯನ್ನು ತೆವಳುವ ಲಯದಲ್ಲಿ ದಿನಕ್ಕೆ ಹಲವು ಸಲ ಆಡಿಸುವುದು. ಮಗು ಪೂರ್ತಿ ತೊಟ್ಟಿಲಿನ ಮರಿ. ಅದೇ ಅಕಾಡೆಮಿ 1968, 1982, 1999 ಹೀಗೆ ಮೂರು ಸಲ ಇದಕ್ಕೆ ಆಧಾರವಿಲ್ಲವೆಂದು ಸಾರಿತು. ಬೋರ್ಡು ಬದಲಾಯಿಸಿ ಇಂಥವು ಮತ್ತೆ ಮತ್ತೆ ಬರುತ್ತಲೇ ಇವೆ.

ಜೀಕುವುದೇ ಮುಖ್ಯ ಎಂಬ ನನ್ನ ಪಟ್ಟಿಗೆ ಅಪವಾದವೂ ಇದೆ, ಮುಚ್ಚಿಡುವುದು ಸರಿಯಲ್ಲ. ದಿನ ತುಂಬುವ ಮೊದಲೇ ಹುಟ್ಟಿದ ಕೂಸುಗಳ ಮೈಯನ್ನು ದಿನಕ್ಕೆ ಮೂರು ಸಲ, ಹದಿನೈದು ನಿಮಿಷ, ಹತ್ತು ದಿನ ನೀವಿ ಕೈಕಾಲು ಆಡಿಸಿದಾಗ ತೂಕ ದಿನಕ್ಕೆ ಶೇ. 47ರಷ್ಟು ಹೆಚ್ಚು ಏರಿತೆಂದು ಅಮೆರಿಕದ ಸಂಶೋಧಕಿ ಟಿಫನಿ ಫೀಲ್ಡ್ 1986ರಲ್ಲಿ ತೋರಿಸಿದರು. ತಾನಾಗಿ ಏನೂ ಮಾಡಲಾಗದ ಆ ವಯಸ್ಸಿನಲ್ಲಿ ದೊಡ್ಡವರ ಅಂಗೈಯೇ ಕೆಲಸ ಮಾಡುತ್ತದೆ. ಬಾಣಂತಿ ಕೋಣೆಯಲ್ಲಿ ಕಾಲು ನೀಡಿ ಕೂತು ಕೂಸಿಗೆ ಎಣ್ಣೆ ಹಚ್ಚಿ ನೀರು ಹಾಕುವ ಮುದುಕಿಯರಿಗೆ ಇದನ್ನು ಓದಿ ಹೇಳಬೇಕು. ಮೂಗಿಗೂ ಕಿವಿಗೂ ಎಣ್ಣೆ ಬಿಡಬಾರದೆಂಬುದನ್ನೂ ಅದೇ ಉಸಿರಿನಲ್ಲಿ ಹೇಳಬೇಕು.

ಸೆರೆಬ್ರಲ್ ಪಾಲ್ಸಿ (ಎಳವೆಯಲ್ಲೇ ಮೆದುಳಿಗಾದ ಪೆಟ್ಟಿನಿಂದ ಕೈಕಾಲಿನ ಹಿಡಿತ ತಪ್ಪುವ ತೊಂದರೆ) ಇರುವ ಮಕ್ಕಳಲ್ಲಿ ಪುರಾವೆ ಹೆಚ್ಚು ನಿಚ್ಚಳ. ಅಲ್ಲಿ ಗೆಲ್ಲುವುದು ಬೇಕಾದ ಕೆಲಸವನ್ನೇ ಮತ್ತೆ ಮತ್ತೆ ಮಾಡಿಸುವ ತರಬೇತಿ: ಲೋಟ ಎತ್ತಬೇಕೆಂದರೆ ಲೋಟವನ್ನೇ ಎತ್ತುವುದು, ಗುಂಡಿ ಹಾಕಬೇಕೆಂದರೆ ಗುಂಡಿಯನ್ನೇ ಹಾಕುವುದು. ಒಂದು ಬದಿ ಸೋತಿದ್ದರೆ ಚೆನ್ನಾಗಿರುವ ಕೈಗೆ ಕೆಲವು ತಾಸು ಚೀಲ ತೊಡಿಸಿ ಸೋತ ಕೈಗೇ ದುಡಿತ ಕೊಡುತ್ತಾರೆ. ಬೇಗ ಶುರುವಾದಷ್ಟು ಲೇಸು. 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ, ಮಕ್ಕಳ ಆರೋಗ್ಯ ತಪಾಸಣೆ ಮಾಡುವ ತಂಡಗಳು ಅಂಗನವಾಡಿಗೆ ಬಂದಾಗ ಮಗುವನ್ನು ಅಡಗಿಸಿಡಬೇಡಿ. ಹದಿನೆಂಟು ತಿಂಗಳಾದರೂ ನಡೆಯದ, ಹೆಸರು ಕರೆದರೆ ತಿರುಗದ ಮಗುವನ್ನು ಕರೆದುಕೊಂಡು ಜಿಲ್ಲಾ ಆಸ್ಪತ್ರೆಗೆ ನೀವೇ ಹೋಗಿ. "ಅವರಪ್ಪನೂ ತಡವಾಗಿಯೇ ನಡೆದಿದ್ದ" ಎಂಬ ಸಮಾಧಾನದಲ್ಲಿ ಅಮೂಲ್ಯ ತಿಂಗಳುಗಳು ಹೋಗುತ್ತವೆ.

ಆಯಿಯ ಮೊಮ್ಮಗನ ಥೆರಪಿಸ್ಟ್ ಚಿಕ್ಕ ವಯಸ್ಸಿನ ಹುಡುಗಿ. ಮೆದುಳು, ಸಂಯೋಜನೆ ಎಂಬ ದೊಡ್ಡ ಮಾತು ಆಕೆ ಆಡಲಿಲ್ಲ. ಶಾಲೆಯ ನೋಟ್‌ಬುಕ್ಕಿನಲ್ಲಿ ಮೂರು ಸಾಲು ಬರೆದಿದ್ದಳು. ತನ್ನ ಚಪ್ಪಲಿ ತಾನೇ ಹಾಕಿಕೊಳ್ಳಬೇಕು. ರೊಟ್ಟಿ ಮುರಿದು ಪಲ್ಯದಲ್ಲಿ ಅದ್ದಿ ತಿನ್ನಬೇಕು, ಏಕೆಂದರೆ ಹಸಿಯಾದದ್ದೇನನ್ನೂ ಅವನು ಮುಟ್ಟುತ್ತಿರಲಿಲ್ಲ. ಮಿಕ್ಸರ್ ಹಾಕಿದರೆ ಕಿವಿ ಮುಚ್ಚಿಕೊಂಡು ಹೊರಗೆ ಓಡಬಾರದು. ಅವಧಿ ಎಂಟು ವಾರ. ಜೋಕಾಲಿಯನ್ನು ಆಯಿ ತೂಗಲು ಹೋದಾಗಲೆಲ್ಲ, "ಆಯಿ, ಕೈ ಬಿಡಿ. ಅವನೇ ನೆಲಕ್ಕೆ ಕಾಲು ಒದೆಯಲಿ" ಎನ್ನುತ್ತಿದ್ದಳು.

ಎಂಟು ವಾರದ ಕೊನೆಗೆ ಚಪ್ಪಲಿ ಗೆದ್ದಿತು. ರೊಟ್ಟಿ ಅರ್ಧ ಗೆದ್ದಿತು: ಮುರಿಯುತ್ತಾನೆ, ಅದ್ದುವುದಿಲ್ಲ. ಮಿಕ್ಸರ್ ಸಾಲಿನ ಮುಂದೆ ಆಕೆ ಸೊನ್ನೆ ಹಾಕಿದಳು. ಆಯಿ ಆ ಸೊನ್ನೆಯನ್ನು ನೋಡಿ ಮಿಕ್ಸರನ್ನು ಗೋಡೆಯ ಮಾಡಕ್ಕೆ ಏರಿಸಿದರು, ಹಿತ್ತಿಲಿನ ಒರಳನ್ನು ತೊಳೆದರು. ಮೊನ್ನೆ ಅವರ ಮನೆಗೆ ಹೋದಾಗ ಶೇಂಗಾ ಹಿಂಡಿ ಕುಟ್ಟುತ್ತಿದ್ದರು. ಒನಕೆಯ ಮೇಲೆ ನಾಲ್ಕು ಕೈ, ಎರಡು ಸುಕ್ಕುಗಟ್ಟಿದವು, ಎರಡು ಪುಟಾಣಿ. ಧಬ್ ಧಬ್ ಸಪ್ಪಳ ಬಾಗಿಲಾಚೆಗೂ ಕೇಳುತ್ತಿತ್ತು. ಹುಡುಗ ಕಿವಿ ಮುಚ್ಚಿಕೊಂಡಿರಲಿಲ್ಲ.