ತಿರುವನಂತಪುರದಲ್ಲಿ ಒಂದು ವಾರ: ಏನನ್ನು, ಯಾವ ಕ್ರಮದಲ್ಲಿ ನೋಡಬೇಕು?

ಪ್ರಶ್ನೆ: ಕಾಸರಗೋಡಿನ ನಾವು ತಿರುವನಂತಪುರಕ್ಕೆ ಹೋಗುವುದು ಸೆಕ್ರೆಟೇರಿಯೇಟಿನ ಕೆಲಸಕ್ಕೋ ಪರೀಕ್ಷೆ, ಸಂದರ್ಶನಗಳಿಗೋ ಮಾತ್ರ. ಮ್ಯೂಸಿಯಂ, ಅರಮನೆ, ಕೋಟೆಗಳನ್ನು ನೋಡುವುದಕ್ಕೆಂದೇ ಅಲ್ಲಿ ಒಂದು ವಾರ ಉಳಿಯುವಷ್ಟು ಇದೆಯೇ? ಇದ್ದರೆ ಎಲ್ಲಿಂದ ಆರಂಭಿಸಬೇಕು?

ಉತ್ತರ: ಖಂಡಿತ ಇದೆ. ಮೈಸೂರು, ಬೆಂಗಳೂರುಗಳಿಗೆ ಮಕ್ಕಳನ್ನು ತಪ್ಪದೆ ಕರೆದೊಯ್ಯುವ ನಮ್ಮ ಮನೆಗಳವರು ನಮ್ಮದೇ ರಾಜ್ಯದ ರಾಜಧಾನಿಯನ್ನು ನೋಡದೆ ಉಳಿದಿರುವುದು ಬೇಸರದ ಸಂಗತಿ. ಸೋಮವಾರ ಅಲ್ಲಿನ ಬಹುತೇಕ ಮ್ಯೂಸಿಯಂಗಳೂ ಅರಮನೆಗಳೂ ತೆರೆಯುವುದಿಲ್ಲವಾದ್ದರಿಂದ, ಸೋಮವಾರ ಸಂಜೆ ಮಾವೇಲಿಯನ್ನೋ ಮಲಬಾರ್ ಎಕ್ಸ್‌ಪ್ರೆಸ್ಸನ್ನೋ ಹತ್ತಿ ಮಂಗಳವಾರ ಬೆಳಿಗ್ಗೆ ಅಲ್ಲಿಗೆ ತಲಪುವುದು ಅನುಕೂಲ. ವಂದೇ ಭಾರತ್‌ನಲ್ಲಾದರೆ ಸುಮಾರು ಎಂಟು ಗಂಟೆಯ ಪ್ರಯಾಣ.

ಮೊದಲ ದಿನವನ್ನು ನಗರಕ್ಕೆ ಕೊಡದೆ, ತಕ್ಕಲೆಯ ಸಮೀಪದ ಪದ್ಮನಾಭಪುರಂ ಅರಮನೆಗೆ ಕೊಡಬೇಕೆಂಬುದು ನನ್ನ ಸಲಹೆ. 1795ರ ವರೆಗೆ ತಿರುವಿತಾಂಕೂರಿನ ರಾಜಧಾನಿ ಅದೇ ಆಗಿತ್ತು. ಅದನ್ನು ಕಂಡ ಮೇಲೆ ತಿರುವನಂತಪುರ ಹೆಚ್ಚು ಅರ್ಥವಾಗುತ್ತದೆ. ಅರಮನೆಯ ಒಳಗೆ ಚಪ್ಪಲಿ ಹಾಕುವಂತಿಲ್ಲ, ಹಾಗಾಗಿ ಆ ಪ್ರಸಿದ್ಧ ಕಪ್ಪು ನೆಲದ ನುಣುಪೂ ತಂಪೂ ಅಂಗಾಲಿಗೇ ತಿಳಿಯುತ್ತದೆ. ಸುಟ್ಟ ಗೆರಟೆಯ ಕರಿ, ಸುಣ್ಣ, ಮೊಟ್ಟೆಯ ಬಿಳಿ ಲೋಳೆ ಮುಂತಾದವನ್ನು ಕಲಸಿ, ತಿಕ್ಕಿ ತಿಕ್ಕಿ ಹೊಳಪು ಬರಿಸಿದ ನೆಲವದು. ಅರಸರು ಮಂತ್ರಾಲೋಚನೆ ನಡೆಸುತ್ತಿದ್ದ ಮಂತ್ರಶಾಲೆಯ ಕಿಟಕಿಗಳಲ್ಲಿ ಬಣ್ಣದ ಅಭ್ರಕದ ಹಾಳೆಗಳಿವೆ. ಹೊರಗೆ ಬಿಸಿಲು ಸುಡುತ್ತಿದ್ದರೂ ಒಳಗೆ ಬೆಳಕು ಮೃದುವಾಗಿ ಇಳಿಯುತ್ತದೆ. ನಮಗೆ ಈ ಅರಮನೆ ಇನ್ನೊಂದು ಕಾರಣಕ್ಕೂ ಮುಖ್ಯವಾಗಬೇಕು. 1956ರ ನವೆಂಬರ್ 1ರಂದು, ದಕ್ಷಿಣ ಕನ್ನಡದ ಭಾಗವಾಗಿದ್ದ ಕಾಸರಗೋಡು ಕೇರಳಕ್ಕೆ ಸೇರಿದ ದಿನವೇ, ತಿರುವಿತಾಂಕೂರಿನ ದಕ್ಷಿಣದ ತಾಲೂಕುಗಳು ಅಂದಿನ ಮದ್ರಾಸ್ ರಾಜ್ಯಕ್ಕೆ ಹೋದವು. ಇಂದು ಅರಮನೆ ಇರುವ ಮಣ್ಣು ತಮಿಳುನಾಡಿನದು, ನೋಡಿಕೊಳ್ಳುತ್ತಿರುವುದು ಕೇರಳ ಸರಕಾರ. ಗಡಿ ಎಳೆದ ಮೇಲೂ ಒಂದು ಜನ ತಮ್ಮ ಪರಂಪರೆಯ ಹೊಣೆಯನ್ನು ಬಿಟ್ಟುಕೊಡದೆ ಉಳಿಸಿಕೊಳ್ಳಬಹುದೆಂಬುದಕ್ಕೆ ಇದಕ್ಕಿಂತ ಹತ್ತಿರದ ಉದಾಹರಣೆ ಕಾಸರಗೋಡಿನ ಕನ್ನಡಿಗರಿಗೆ ಸಿಗಲಾರದು.

ಬುಧವಾರ ಪೂರ್ವ ಕೋಟೆಯ ಪರಿಸರ. ಪದ್ಮನಾಭಸ್ವಾಮಿ ದೇವಸ್ಥಾನದೊಳಗೆ ಗಂಡಸರು ಅಂಗಿ ತೆಗೆದು ಮುಂಡು ಉಟ್ಟಿರಬೇಕು, ಮೊಬೈಲನ್ನು ಹೊರಗೇ ಬಿಡಬೇಕು. ಶಯನಮೂರ್ತಿಯ ದರ್ಶನ ಮೂರು ಬಾಗಿಲುಗಳ ಮೂಲಕ. ಕುಂಬಳೆ ಸಮೀಪದ ಅನಂತಪುರ ಸರೋವರ ಕ್ಷೇತ್ರವೇ ಈ ದೇವರ ಮೂಲಸ್ಥಾನವೆಂದು ನಮ್ಮ ಹಿರಿಯರು ನಂಬಿಕೊಂಡು ಬಂದಿದ್ದಾರೆ. ತಿರುವನಂತಪುರದ ಮೂರ್ತಿಯಂತೆ ಅನಂತಪುರದಲ್ಲಿ ಹಿಂದಿನಿಂದ ಇದ್ದುದೂ ಕಲ್ಲಿನದಲ್ಲ, ಮಣ್ಣು, ಮೂಲಿಕೆ ಮುಂತಾದವನ್ನು ಕಲಸಿ ಮಾಡುವ ಕಡುಶರ್ಕರ ಪಾಕದ್ದು. ಪಕ್ಕದಲ್ಲೇ ಸ್ವಾತಿ ತಿರುನಾಳ್ ಮಹಾರಾಜರು ಕಟ್ಟಿಸಿದ ಕುದಿರ ಮಾಳಿಗ. ಸೂರಿನ ಕೆಳಗೆ ಮರದಲ್ಲಿ ಕೆತ್ತಿದ 122 ಕುದುರೆಗಳನ್ನು ಕತ್ತೆತ್ತಿ ನಿಧಾನವಾಗಿ ನೋಡಬೇಕು. ಕನ್ನಡವೂ ಸೇರಿದಂತೆ ಹಲವು ಭಾಷೆಗಳಲ್ಲಿ ಕೀರ್ತನೆ ರಚಿಸಿದ ಅರಸರ ಮನೆ ಇದೆಂಬುದನ್ನು ಮಕ್ಕಳಿಗೆ ಹೇಳಿ. ಎದುರಿನ ಮೇತ್ತನ್ ಮಣಿ ಗಡಿಯಾರವೂ ಅದೇ ಕಾಲದ್ದು: ಗಂಟೆ ಬಡಿಯುವಾಗ ಗಡ್ಡದ ಮುಖವೊಂದು ಬಾಯಿ ತೆರೆದು, ಎರಡು ಟಗರುಗಳು ಅದರ ಕೆನ್ನೆಗೆ ಗುದ್ದುವಂಥ ರಚನೆ.

ಗುರುವಾರ, ಶುಕ್ರವಾರಗಳನ್ನು ಮ್ಯೂಸಿಯಂ ಆವರಣಕ್ಕೆ ಇಟ್ಟುಕೊಳ್ಳಿ. ಬುಧವಾರ ಬೆಳಗ್ಗಿನ ಹೊತ್ತು ಅಲ್ಲಿ ಪ್ರವೇಶವಿಲ್ಲದ ಕಾರಣ ಈ ಕ್ರಮ. ಮದ್ರಾಸ್ ಸರಕಾರದ ವಾಸ್ತುಶಿಲ್ಪಿ ರಾಬರ್ಟ್ ಚಿಸಮ್ ರೂಪಿಸಿದ ನೇಪಿಯರ್ ಮ್ಯೂಸಿಯಂ 1880ರಲ್ಲಿ ಪೂರ್ಣವಾಯಿತು. ಕೇರಳದ ಇಳಿಜಾರು ಮಾಡು, ಬಣ್ಣದ ಪಟ್ಟೆಗಳ ಗೋಡೆ, ಗಾಳಿಯಾಡುವ ಒಳಾಂಗಣ ಇವೆಲ್ಲವುಗಳಿಂದ ಕಟ್ಟಡವೇ ಮೊದಲ ಪ್ರದರ್ಶನವಸ್ತು ಎನ್ನಬಹುದು. ಒಳಗಿನ ಕಂಚಿನ ವಿಗ್ರಹಗಳಿಗೂ ದಂತದ ಕೆತ್ತನೆಗಳಿಗೂ ಅರ್ಧ ದಿನ ಬೇಕು. 1935ರಲ್ಲಿ ಆರಂಭವಾದ ಶ್ರೀ ಚಿತ್ರಾ ಆರ್ಟ್ ಗ್ಯಾಲರಿಯ ಸಂಗ್ರಹದಲ್ಲಿ ರಾಜಾ ರವಿವರ್ಮರ ಮೂಲ ಚಿತ್ರಗಳಿವೆ. ನಮ್ಮ ಚಾವಡಿಗಳಲ್ಲಿ ಅಚ್ಚಿನ ಪ್ರತಿಯಾಗಿ ತೂಗುತ್ತಿದ್ದ ಲಕ್ಷ್ಮಿ, ಸರಸ್ವತಿಯರನ್ನಷ್ಟೇ ಬಲ್ಲವರು ‘ಹಂಸ ದಮಯಂತಿ’ಯ ಮುಂದೆ ನಿಂತು ಆ ಸೀರೆಯ ಮಡಿಕೆಗಳನ್ನು ನೋಡಬೇಕು. ಅಚ್ಚಿನಲ್ಲಿ ಎಷ್ಟು ಸೊಬಗು ಸೋರಿಹೋಗಿತ್ತೆಂದು ಆಗ ಗೊತ್ತಾಗುತ್ತದೆ.

ಶನಿವಾರ ನೆಡುಮಂಗಾಡಿನ ಕೋಯಿಕ್ಕಲ್ ಅರಮನೆಗೆ ಹೋಗಬಹುದು. ಅಲ್ಲಿ ಜಾನಪದ ವಸ್ತುಗಳ ಮತ್ತು ನಾಣ್ಯಗಳ ಸಂಗ್ರಹಗಳಿವೆ. ಭಾನುವಾರಕ್ಕೆ ಕಡಲ ತೀರದ ಅಂಚುತೆಂಗು ಕೋಟೆ. ಬೇಕಲವನ್ನು ಕಂಡವರಿಗೆ ಅದು ತೀರ ಚಿಕ್ಕದೆನಿಸುತ್ತದೆ, ಆದರೆ ಈಸ್ಟ್ ಇಂಡಿಯಾ ಕಂಪೆನಿಯ ಈ ನೆಲೆಯಿಂದ 1721ರಲ್ಲಿ ಆಟ್ಟಿಂಗಲ್‌ಗೆ ಹೋದ ಇಂಗ್ಲಿಷರ ತಂಡವನ್ನು ಸ್ಥಳೀಯರು ದಂಗೆಯೆದ್ದು ಕೊಂದ ಇತಿಹಾಸ ಚಿಕ್ಕದಲ್ಲ.

ಫಲಕಗಳು ಹೆಚ್ಚಾಗಿ ಮಲಯಾಳ ಮತ್ತು ಇಂಗ್ಲಿಷಿನಲ್ಲಿರುವುದರಿಂದ, ಕನ್ನಡ ಮಾಧ್ಯಮದಲ್ಲಿ ಓದಿದ ಹಿರಿಯರ ಜೊತೆಗೆ ಓದಿ ಹೇಳಬಲ್ಲ ಮಕ್ಕಳೋ ಮೊಮ್ಮಕ್ಕಳೋ ಇದ್ದರೆ ಒಳ್ಳೆಯದು. ಪದ್ಮನಾಭಪುರಂ ಅರಮನೆ ಮಧ್ಯಾಹ್ನ ಊಟದ ಹೊತ್ತಿಗೆ ಮುಚ್ಚುವುದರಿಂದ ಅಲ್ಲಿಗೆ ಬೆಳಿಗ್ಗೆಯೇ ಹೊರಡಿ. ಮತ್ತೆ ಬರುವ ಸೋಮವಾರ ದೇವಸ್ಥಾನ ಎಂದಿನಂತೆ ತೆರೆದಿರುತ್ತದೆ. ಬುಧವಾರ ಜನದಟ್ಟಣೆಯಿಂದಾಗಿ ದರ್ಶನ ಸಿಗದೇ ಹೋಗಿದ್ದರೆ ಅಂದು ಬೆಳಿಗ್ಗೆ ಹೋಗಿ, ಸಂಜೆಯ ರೈಲಿಗೆ ಮರಳಬಹುದು.