ನಿಂತ ಕಾರಿಗೂ ಗಾಳಿ ಬೇಕು: ರೇಡಿಯೇಟರ್ ಫ್ಯಾನ್ ಆರಿಸುವ ಮುನ್ನ

ಎಂಜಿನ್ ವಿಪರೀತ ಕಾಯುತ್ತಿದೆ, ಹೊಸ ಫ್ಯಾನ್ ಹಾಕಿಸಿಬಿಡೋಣ ಎಂದು ಹೊರಡುವವರು ಮೊದಲು ಗಮನಿಸಬೇಕಾದದ್ದು ತಾಪಮಾನದ ಮುಳ್ಳು ಏರುವ ಹೊತ್ತನ್ನು. ಸಿಗ್ನಲ್‌ನಲ್ಲಿ ನಿಂತಾಗ, ದಟ್ಟಣೆಯಲ್ಲಿ ತೆವಳುವಾಗ ಏರಿ, ರಸ್ತೆ ತೆರವಾಗಿ ಕಾರು ವೇಗ ಹಿಡಿದ ಕೂಡಲೇ ಇಳಿದರೆ ಫ್ಯಾನಿನ ಮೇಲೆ ಅನುಮಾನಪಡುವುದು ಸರಿ. ಹೆದ್ದಾರಿಯಲ್ಲಿ ಓಡುವಾಗಲೇ ಏರಿದರೆ ತೊಂದರೆ ಬಹುತೇಕ ಬೇರೆಡೆ ಇರುತ್ತದೆ. ಗಂಟೆಗೆ 60 ಕಿ.ಮೀ. ದಾಟಿದ ಮೇಲೆ ಸಾಮಾನ್ಯವಾಗಿ ಕಾರಿನ ಓಟವೇ ರೇಡಿಯೇಟರಿಗೆ ಬೇಕಾದಷ್ಟು ಗಾಳಿಯನ್ನು ನುಗ್ಗಿಸುತ್ತದೆ. ಹಾಗಾಗಿ ಕಟ್ಟಿಕೊಂಡ ರೇಡಿಯೇಟರ್, ತೆರೆಯದ ಥರ್ಮೋಸ್ಟಾಟ್ (ಬಿಸಿಗೆ ತಕ್ಕಂತೆ ಕೂಲಂಟಿನ ಹರಿವಿಗೆ ದಾರಿ ಬಿಡುವ ಕವಾಟ), ಸವೆದ ವಾಟರ್ ಪಂಪ್, ಕಡಿಮೆಯಾದ ಕೂಲಂಟ್ (ಎಂಜಿನ್ ತಣಿಸುವ ದ್ರವ) ಇವುಗಳನ್ನು ನೋಡಬೇಕು. ಇವನ್ನು ಬಿಟ್ಟು ಎಷ್ಟೇ ದೊಡ್ಡ ಫ್ಯಾನ್ ಕೂರಿಸಿದರೂ ಹಣ ವ್ಯರ್ಥ.

ಪೆಟ್ರೋಲ್ ಉರಿದಾಗ ಹುಟ್ಟುವ ಶಕ್ತಿಯಲ್ಲಿ ಸರಿಸುಮಾರು ಮೂರನೇ ಒಂದು ಭಾಗ ಮಾತ್ರ ಕೆಲಸಕ್ಕೆ ಬರುತ್ತದೆ. ಹೆಚ್ಚುಕಡಿಮೆ ಅಷ್ಟೇ ಪಾಲು ಹೊಗೆಕೊಳವೆಯಿಂದ ಹೊರಹೋಗುತ್ತದೆ, ಉಳಿದದ್ದರಲ್ಲಿ ಬಹುಪಾಲನ್ನು ಕೂಲಂಟ್ ಹೊತ್ತು ರೇಡಿಯೇಟರಿಗೆ ತರುತ್ತದೆ. ತೆವಳುತ್ತಿರುವ ಕಾರಿನ ರೇಡಿಯೇಟರ್ 10 ಕಿಲೋವ್ಯಾಟ್ ಶಾಖವನ್ನು ಹೊರಹಾಕಬೇಕು ಎಂದಿಟ್ಟುಕೊಳ್ಳೋಣ. ಒಂದು ಕಿಲೋ ಗಾಳಿಯನ್ನು 1 ಡಿಗ್ರಿ ಸೆಲ್ಸಿಯಸ್‌ನಷ್ಟು ಬಿಸಿ ಮಾಡಲು ಸುಮಾರು 1 ಕಿಲೋಜೂಲ್ ಬೇಕು. ಹಾಯ್ದು ಹೋಗುವ ಗಾಳಿ 30 ಡಿಗ್ರಿಯಷ್ಟು ಬಿಸಿಯಾಗುವುದಾದರೆ ಸೆಕೆಂಡಿಗೆ ಕಿಲೋದ ಮೂರನೇ ಒಂದು ಭಾಗ, ಅಂದರೆ ನಿಮಿಷಕ್ಕೆ ಸುಮಾರು 600 ಘನ ಅಡಿ ಗಾಳಿ ಹರಿಯಬೇಕು. ಪೆಟ್ಟಿಗೆಯ ಮೇಲೆ 1,500, 2,000 ಎಂದು ಮುದ್ರಿಸಿರುವ ಫ್ಯಾನುಗಳನ್ನು ನೋಡಿದವರಿಗೆ ಇದು ತೀರಾ ಸಣ್ಣ ಸಂಖ್ಯೆ ಎನಿಸಬಹುದು.

ಆದರೆ ಪೆಟ್ಟಿಗೆಯ ಮೇಲಿನ ಆ ಸಂಖ್ಯೆ ಅನೇಕ ವೇಳೆ ಎದುರಿಗೆ ಯಾವ ಅಡೆತಡೆಯೂ ಇಲ್ಲದೆ ಫ್ಯಾನ್ ಓಡಿಸಿ ಅಳೆದದ್ದು. ಕಾರಿನಲ್ಲಿ ಗಾಳಿ ಮುಂಭಾಗದ ಜಾಲರಿ, ಎಸಿಯ ಕಂಡೆನ್ಸರ್, ರೇಡಿಯೇಟರಿನ ಒತ್ತೊತ್ತಾದ ತೆಳು ತಗಡುಗಳು ಇಷ್ಟನ್ನೂ ದಾಟಿ ಬಂದು, ಬಿಸಿ ತುಂಬಿದ ಎಂಜಿನ್ ಕೋಣೆಯಿಂದ ದಾರಿ ಹುಡುಕಿಕೊಂಡು ಹೊರಹೋಗಬೇಕು. ಈ ಪ್ರತಿರೋಧದ ಎದುರು ಹರಿವು ಬಹಳವೇ ಇಳಿಯುತ್ತದೆ. ಆದ್ದರಿಂದ ಕೊಳ್ಳುವಾಗ ಕೇಳಬೇಕಾದದ್ದು, ನಿರ್ದಿಷ್ಟ ಒತ್ತಡದ ಎದುರು ಈ ಫ್ಯಾನ್ ಎಷ್ಟು ಗಾಳಿ ಎಳೆಯುತ್ತದೆ ಎಂಬುದನ್ನು. ಆ ವಿವರ ಕೊಡುವ ತಯಾರಕರನ್ನು ನಾನು ಹೆಚ್ಚು ನಂಬುತ್ತೇನೆ. ರೆಕ್ಕೆಗಳ ಸಂಖ್ಯೆ ನೋಡಿ ಮರುಳಾಗುವುದು ಬೇಡ. ಕೆಲವು ಫ್ಯಾನುಗಳಲ್ಲಿ ರೆಕ್ಕೆಗಳ ನಡುವಿನ ಅಂತರ ಬೇಕೆಂದೇ ಏರುಪೇರಾಗಿರುತ್ತದೆ. ಎಲ್ಲವೂ ಸಮಾನ ಅಂತರದಲ್ಲಿದ್ದರೆ ಸದ್ದು ಒಂದೇ ಸ್ವರದಲ್ಲಿ ಮೊರೆಯುತ್ತದೆ, ಅದನ್ನು ಚದುರಿಸುವುದಕ್ಕೆ ಈ ಏರ್ಪಾಡು.

ಫ್ಯಾನಿಗಿಂತ ಮೊದಲು ಅದರ ಸುತ್ತಲಿನ ಕವಚದ, ಅಂದರೆ ಶ್ರೌಡ್‌ನ ವಿಚಾರ ಮಾಡಬೇಕು ಎನ್ನುವುದು ನನ್ನ ಖಚಿತ ಅಭಿಪ್ರಾಯ. 60 ಸೆಂ.ಮೀ. ಅಗಲ, 45 ಸೆಂ.ಮೀ. ಎತ್ತರದ ರೇಡಿಯೇಟರಿನ ಹಿಂದೆ 40 ಸೆಂ.ಮೀ. ವ್ಯಾಸದ ಫ್ಯಾನ್ ಇಟ್ಟರೆ ಅದು ಆವರಿಸುವುದು ಅರ್ಧಕ್ಕಿಂತಲೂ ಕಡಿಮೆ ಜಾಗವನ್ನು. ಕವಚವಿಲ್ಲದಿದ್ದರೆ ಆ ವೃತ್ತದ ಆಚೆಯ ಮೂಲೆಗಳು ನಿಂತ ಕಾರಿನಲ್ಲಿ ಹೆಚ್ಚುಕಡಿಮೆ ಸುಮ್ಮನಿರುತ್ತವೆ. ಸಾಲದ್ದಕ್ಕೆ, ಹಿಂದಕ್ಕೆ ತಳ್ಳಿದ ಬಿಸಿಗಾಳಿ ರೆಕ್ಕೆಯ ತುದಿಗಳನ್ನು ಸುತ್ತಿಕೊಂಡು ಮತ್ತೆ ಫ್ಯಾನಿನ ಬಾಯಿಗೇ ಬರುತ್ತದೆ. ಅಂಚುಗಳನ್ನು ಭದ್ರವಾಗಿ ಮುಚ್ಚಿದ ಕವಚ ಹಾಕಿದರೆ ಅದೇ ಫ್ಯಾನ್ ಇಡೀ ರೇಡಿಯೇಟರಿನಿಂದ ಗಾಳಿ ಎಳೆಯುತ್ತದೆ. ವೇಗದ ಓಟದಲ್ಲಿ ಕವಚವೇ ಅಡ್ಡಿಯಾಗಬಾರದೆಂದು ಕೆಲವದರಲ್ಲಿ ಗಾಳಿಯ ಒತ್ತಡಕ್ಕೆ ತಾನಾಗಿ ತೆರೆದುಕೊಳ್ಳುವ ರಬ್ಬರ್ ಪಟ್ಟಿಗಳಿರುತ್ತವೆ.

ಹಳೆಯ ಕಾರುಗಳಲ್ಲಿ ಎಂಜಿನ್ನೇ ಬೆಲ್ಟಿನ ಮೂಲಕ ಫ್ಯಾನನ್ನು ತಿರುಗಿಸುತ್ತದೆ. ಇಲ್ಲೊಂದು ವೈರುಧ್ಯವಿದೆ: ಗಾಳಿ ಹೆಚ್ಚು ಬೇಕಾದ ನಿಂತ ಹೊತ್ತಿನಲ್ಲಿ ಫ್ಯಾನ್ ನಿಧಾನ, ಬೇಡವಾದ ವೇಗದ ಓಟದಲ್ಲಿ ಅದು ಬಿರುಸು. ಫ್ಯಾನ್ ತಿನ್ನುವ ಶಕ್ತಿಯಾದರೋ ವೇಗದ ಘನಕ್ಕೆ ಅನುಗುಣವಾಗಿ ಏರುತ್ತದೆ. ವೇಗ ಐದು ಪಟ್ಟಾದರೆ ಶಕ್ತಿ 125 ಪಟ್ಟು. ಇದನ್ನು ತಡೆಯಲೆಂದೇ ಬೆಲ್ಟಿಗೂ ಫ್ಯಾನಿಗೂ ನಡುವೆ ಸಿಲಿಕೋನ್ ತೈಲ ತುಂಬಿದ ಕ್ಲಚ್ ಬಂತು. ರೇಡಿಯೇಟರಿನಿಂದ ಬರುವ ಗಾಳಿಯ ಬಿಸಿಗೆ ಅದರ ಮುಂದಿನ ದ್ವಿಲೋಹದ ಸುರುಳಿ ತಿರುಚಿಕೊಂಡು ತೈಲಕ್ಕೆ ದಾರಿ ಬಿಡುತ್ತದೆ, ಆಗ ಫ್ಯಾನ್ ಬಿಗಿಯಾಗಿ ತಿರುಗುತ್ತದೆ. ಗಾಳಿ ತಣಿದರೆ ಕ್ಲಚ್ ಜಾರುತ್ತದೆ. ಕ್ಲಚ್ಚಿನ ಮೈಮೇಲೆ ನಡುವಿನಿಂದ ಅಂಚಿನತ್ತ ಎಣ್ಣೆಯ ಗೆರೆಗಳು ಕಂಡರೆ ಅದರ ಆಯುಸ್ಸು ಮುಗಿಯುತ್ತಾ ಬಂದಿದೆ ಎಂದೇ ತಿಳಿಯಬೇಕು.

ವೇಗ ಹೆಚ್ಚಿದಂತೆ ಸಮತಟ್ಟಾಗುವ, ಬಾಗುವ ಲೋಹದ ರೆಕ್ಕೆಗಳ ಫ್ಯಾನುಗಳೂ ಇವೆ. ಅವುಗಳ ಬಗ್ಗೆ ನನಗೆ ಭಯವಿದೆ, ಆ ಭಯಕ್ಕೆ ಲೆಕ್ಕದ ಆಧಾರವೂ ಇದೆ. 45 ಸೆಂ.ಮೀ. ವ್ಯಾಸದ ಫ್ಯಾನ್ ನಿಮಿಷಕ್ಕೆ 5,000 ಸುತ್ತು ತಿರುಗಿದರೆ ರೆಕ್ಕೆಯ ತುದಿ ಗಂಟೆಗೆ 420 ಕಿ.ಮೀ. ಮೀರಿ ಚಲಿಸುತ್ತಿರುತ್ತದೆ. ತುದಿಯಲ್ಲಿರುವ 10 ಗ್ರಾಂ ಲೋಹವನ್ನು ಹಿಡಿದಿಡಲು 60 ಕಿಲೋ ತೂಕಕ್ಕೂ ಮಿಗಿಲಾದ ಬಲ ಬೇಕು. ಪ್ರತಿ ಸಲ ವೇಗ ಏರಿ ಇಳಿದಾಗಲೂ ಬಾಗಿ ನೆಟ್ಟಗಾಗುವ ಲೋಹ ಬುಡದಲ್ಲಿ, ರಿವೆಟ್‌ಗಳ ಬಳಿ ದಣಿಯುತ್ತದೆ, ಕೂದಲೆಳೆಯಂಥ ಬಿರುಕು ಅಲ್ಲಿಯೇ ಹುಟ್ಟುತ್ತದೆ. ಕಿತ್ತುಬಂದ ರೆಕ್ಕೆ ರೇಡಿಯೇಟರನ್ನು ಸೀಳಬಲ್ಲದು, ಬಾನೆಟ್ ತೆರೆದು ನಿಂತವರ ಜೀವಕ್ಕೂ ಎರವಾಗಬಲ್ಲದು. ಬಾಗಿದ ರೆಕ್ಕೆಯನ್ನು ಸುತ್ತಿಗೆಯಿಂದ ನೆಟ್ಟಗೆ ಮಾಡುವುದು, ಬಿರುಕಿಗೆ ವೆಲ್ಡಿಂಗ್ ಹಾಕಿಸುವುದು ಎಂದಿಗೂ ಕೂಡದು. ಎಂಜಿನ್ನನ್ನು ಜೋರಾಗಿ ಓಡಿಸಿ ಪರೀಕ್ಷಿಸುವಾಗ ಫ್ಯಾನ್ ತಿರುಗುವ ಸಮತಲದಲ್ಲಿ ಯಾರೂ ನಿಲ್ಲಬಾರದು.

ವಿದ್ಯುತ್ ಫ್ಯಾನಿನಲ್ಲಿ ಅಪಾಯ ತಂತಿಗೆ ಸ್ಥಳ ಬದಲಿಸುತ್ತದೆ. 12 ವೋಲ್ಟಿನಲ್ಲಿ 240 ವ್ಯಾಟ್ ಎಂದರೆ 20 ಆಂಪಿಯರ್, ಮೋಟಾರ್ ಹೊರಡುವ ಕ್ಷಣದಲ್ಲಿ ಅದರ ಎರಡು ಮೂರು ಪಟ್ಟು. ತುಕ್ಕು ಹಿಡಿದ ಕನೆಕ್ಟರ್‌ನಲ್ಲಿ ಓಮ್‌ನ ಇಪ್ಪತ್ತನೇ ಒಂದು ಭಾಗದಷ್ಟು ಪ್ರತಿರೋಧವಿದ್ದರೂ ಸಾಕು, 20 ವ್ಯಾಟ್ ಶಾಖ ಆ ಚಿಕ್ಕ ಪ್ಲಾಸ್ಟಿಕ್ ತುಂಡಿನೊಳಗೇ ಹುಟ್ಟಿ ಅದು ಕರಗತೊಡಗುತ್ತದೆ. ದಪ್ಪ ತಂತಿ, ಬ್ಯಾಟರಿಯ ಹತ್ತಿರವೇ ಫ್ಯೂಸ್, ನಡುವೆ ರಿಲೇ (ಸಣ್ಣ ವಿದ್ಯುತ್ತಿನಿಂದ ದೊಡ್ಡ ವಿದ್ಯುತ್ತನ್ನು ಚಾಲೂ ಮಾಡುವ ಸ್ವಿಚ್) ಇವಿಲ್ಲದೆ ಫ್ಯಾನ್ ಹಾಕಿಸಬಾರದು. ಫ್ಯೂಸ್ ಪದೇ ಪದೇ ಹೋಗುತ್ತಿದೆಯೆಂದು ದೊಡ್ಡ ಫ್ಯೂಸ್ ಹಾಕಿದರೆ ಮುಂದಿನ ಸಲ ಉರಿಯುವುದು ತಂತಿ.

ಫ್ಯಾನ್ ಚಾಲೂ ಆಗುವ ತಾಪಮಾನವನ್ನು ಥರ್ಮೋಸ್ಟಾಟ್ ನೋಡಿ ನಿರ್ಧರಿಸಬೇಕು. ಕೂಲಂಟನ್ನು 88 ಡಿಗ್ರಿಯಲ್ಲಿ ಇರಿಸುವ ಥರ್ಮೋಸ್ಟಾಟ್ ಇದ್ದು, ಎಂಜಿನ್ನಿನ ಬದಿಯಲ್ಲಿ ಕೂರಿಸಿದ ಫ್ಯಾನ್ ಸ್ವಿಚ್ 80 ಡಿಗ್ರಿಯದಾದರೆ, ಫ್ಯಾನಿಗೆ ನಿಲ್ಲುವ ಅವಕಾಶವೇ ಸಿಗದು. ಎಸಿ ಇರುವ ಕಾರಿನಲ್ಲಿ ಎಸಿ ಹಾಕಿದಾಗಲೂ ಫ್ಯಾನ್ ತಿರುಗುವಂತೆ ಜೋಡಣೆ ಇರಬೇಕು.

ಜಾಗವಿದ್ದರೆ ರೇಡಿಯೇಟರಿನ ಹಿಂದೆ ನಿಂತು ಎಳೆಯುವ ಫ್ಯಾನೇ ಮೇಲು. ಮುಂದೆ ನಿಂತು ತಳ್ಳುವ ಫ್ಯಾನ್ ಓಟದ ಗಾಳಿಗೆ ತಾನೇ ಅಡ್ಡವಾಗುತ್ತದೆ. ರೇಡಿಯೇಟರಿನ ತಗಡುಗಳ ನಡುವೆ ಪ್ಲಾಸ್ಟಿಕ್ ಕಡ್ಡಿ ತೂರಿಸಿ ಫ್ಯಾನ್ ಬಿಗಿಯುವ ಅಗ್ಗದ ವಿಧಾನವೊಂದು ಚಾಲ್ತಿಯಲ್ಲಿದೆ. ಕಂಪನಕ್ಕೆ ಕಡ್ಡಿಗಳು ಉಜ್ಜಿ ಉಜ್ಜಿ ಕೊಳವೆ ತೂತಾಗುವುದರಿಂದ, ಚೌಕಟ್ಟಿಗೆ ಬ್ರಾಕೆಟ್ ಹಾಕಿ ಕೂರಿಸುವುದೇ ಒಳ್ಳೆಯದು. ಎಂಜಿನ್ ಆರಿಸಿದ್ದರೂ ಬಿಸಿ ಉಳಿದಿದ್ದರೆ ಅನೇಕ ಕಾರುಗಳಲ್ಲಿ ಫ್ಯಾನ್ ತಟ್ಟನೆ ತಿರುಗತೊಡಗುತ್ತದೆ ಎಂಬ ಎಚ್ಚರವಿರಲಿ, ಕೈ ಹಾಕುವ ಮುಂಚೆ ಬ್ಯಾಟರಿಯ ಋಣ ತುದಿಯನ್ನು ಬಿಚ್ಚಿರಬೇಕು. ಕೆಲಸ ಮುಗಿದ ಮೇಲೆ ಅದನ್ನು ಮರಳಿ ಜೋಡಿಸಿ, ಕಾರನ್ನು ನಿಂತಲ್ಲೇ ಓಡಿಸಿ, ಫ್ಯಾನ್ ತಿರುಗುವಾಗ ಕಾರಿನ ಮುಂಭಾಗದ ಜಾಲರಿಗೆ ಒಂದು ಹಾಳೆ ಹಿಡಿಯಿರಿ. ಹಾಳೆ ಜಾಲರಿಗೆ ಅಂಟಿಕೊಳ್ಳದೆ ಹೊರಕ್ಕೆ ಹಾರಿದರೆ ಮೋಟಾರಿನ ತಂತಿಗಳು ಅದಲುಬದಲಾಗಿವೆ, ಇಲ್ಲವೇ ಇಡೀ ಫ್ಯಾನೇ ಹಿಂದುಮುಂದಾಗಿ ಕುಳಿತಿದೆ.