ಆಪರೇಷನ್ ಆದಮೇಲೆ ತಿಂಡಿ ಬಿಟ್ಟು ವಾಕಿಂಗ್ ಜಾಸ್ತಿ ಮಾಡಲಾ?

ಪ್ರಶ್ನೆ: ಮೇಡಂ, ನನಗೆ ತೂಕ ಇಳಿಸುವ ಸ್ಲೀವ್ ಆಪರೇಷನ್ ಆಗಿ ಮೂರು ತಿಂಗಳಾಯಿತು. ದಿನಾ ಒಂದು ಗಂಟೆ ವಾಕಿಂಗ್ ಮಾಡುತ್ತೇನೆ. ಎರಡು ವಾರದಿಂದ ತೂಕ ಅಲ್ಲೇ ನಿಂತಿದೆ. ಬೆಳಗಿನ ತಿಂಡಿ ಬಿಟ್ಟು, ಇನ್ನೊಂದು ಅರ್ಧ ಗಂಟೆ ಜಾಸ್ತಿ ನಡೆದರೆ ಇಳಿಯುತ್ತಾ?

ಉತ್ತರ: ಬೇಡ. ತಿಂಡಿ ಬಿಡಬೇಡಿ.

ಈ ಪ್ರಶ್ನೆಗೆ ಎಷ್ಟು ಸಲ ಉತ್ತರ ಕೊಟ್ಟಿದ್ದೇನೋ ಲೆಕ್ಕ ಇಟ್ಟಿಲ್ಲ. ಫೋನಿನಲ್ಲಿ ಹೇಳಿದ್ದೇನೆ, ಓಪಿಡಿ ಬಾಗಿಲಲ್ಲಿ ನಿಂತು ಹೇಳಿದ್ದೇನೆ, ಚೀಟಿಯಲ್ಲಿ ದೊಡ್ಡ ಅಕ್ಷರದಲ್ಲಿ ಬರೆದು ಕೊಟ್ಟಿದ್ದೇನೆ. ಆದರೂ ಮುಂದಿನ ತಿಂಗಳು ಬಂದವರು ಅದನ್ನೇ ಕೇಳುತ್ತಾರೆ. "ಕಮ್ಮಿ ತಿಂದು ಜಾಸ್ತಿ ಬೆವರು ಹರಿಸಿದರೆ ಬೇಗ ಇಳಿಯುತ್ತೆ" ಅನ್ನೋ ಮಾತು ನಮ್ಮ ತಲೆಯಲ್ಲಿ ಅಷ್ಟು ಗಟ್ಟಿಯಾಗಿ ಕೂತುಬಿಟ್ಟಿದೆ. ಹಾಗಾಗಿ ಇವತ್ತು ಪೂರ್ತಿ ಬಿಡಿಸಿ ಹೇಳುತ್ತೇನೆ.

ಮೊದಲು ನಿಮ್ಮ ಹೊಟ್ಟೆಯ ಅಳತೆ ನೋಡಿ. ಸ್ಲೀವ್‌ನಲ್ಲಿ ಜಠರದ ನೂರಕ್ಕೆ 75ರಿಂದ 80 ಭಾಗ ತೆಗೆದುಬಿಡುತ್ತಾರೆ. ಉಳಿದದ್ದು ಬಾಳೆಕಾಯಿ ಹಾಗಿನ ಒಂದು ಕೊಳವೆ. ದರ್ಶಿನಿಯಲ್ಲಿ ಕಾಫಿ ಕೊಡುವ ಸಣ್ಣ ಲೋಟ ಇದೆಯಲ್ಲ, ಹೆಚ್ಚುಕಡಿಮೆ ಅಷ್ಟೇ ಹಿಡಿಯುತ್ತದೆ. ಬೈಪಾಸ್ (ಹೃದಯದ್ದಲ್ಲ, ಜಠರವನ್ನು ಸಣ್ಣ ಚೀಲ ಮಾಡಿ ಸೀದಾ ಕರುಳಿಗೆ ಜೋಡಿಸುವ ಆಪರೇಷನ್) ಆದವರಿಗೆ ಶುರುವಿನಲ್ಲಿ ಅದಕ್ಕಿಂತ ಬಹಳ ಕಮ್ಮಿ, ಎರಡು ದೊಡ್ಡ ಚಮಚದಷ್ಟು. ಹಸಿವು ಹುಟ್ಟಿಸುವ ಗ್ರೆಲಿನ್ ಅನ್ನೋ ಹಾರ್ಮೋನು ಹೆಚ್ಚಾಗಿ ಬರುವುದು ಸ್ಲೀವ್‌ನಲ್ಲಿ ತೆಗೆದುಹಾಕಿದ ಆ ಭಾಗದಿಂದಲೇ. ಅಂದರೆ ಕಮ್ಮಿ ತಿನ್ನಿಸುವ ಕೆಲಸವನ್ನು ಆಪರೇಷನ್ ಆಗಲೇ ಮಾಡಿ ಮುಗಿಸಿದೆ. ಅದರ ಮೇಲೆ ನೀವು ಇನ್ನೂ ಕಮ್ಮಿ ಮಾಡುವುದಕ್ಕೆ ಏನೂ ಉಳಿದಿಲ್ಲ.

ಇನ್ನು ವಾಕಿಂಗ್ ಲೆಕ್ಕ. 80 ಕೆಜಿ ತೂಕದವರು ಸಾಧಾರಣ ವೇಗದಲ್ಲಿ ಅರ್ಧ ಗಂಟೆ ನಡೆದರೆ ಖರ್ಚಾಗುವುದು ಸುಮಾರು 130 ಕ್ಯಾಲೊರಿ. ಅಷ್ಟೇ! ಅದಕ್ಕೋಸ್ಕರ ತಿಂಡಿ ಬಿಟ್ಟರೆ ಹೋಗುವುದು ಬರೀ ಕ್ಯಾಲೊರಿ ಅಲ್ಲ. ಆ ತಿಂಡಿಯಲ್ಲಿ ಸಿಗಬೇಕಿದ್ದ ಪ್ರೋಟೀನೂ ಹೋಗುತ್ತದೆ. ದಿನಕ್ಕೆ ನಿಮಗೆ ಬೇಕಾದದ್ದು ಕಮ್ಮಿ ಅಂದರೂ 60ರಿಂದ 80 ಗ್ರಾಂ. ಕಿಡ್ನಿ ತೊಂದರೆ ಇದ್ದವರು ಮಾತ್ರ ಡಾಕ್ಟರ್ ಹೇಳಿದಷ್ಟೇ ತಗೊಳ್ಳಿ. ಒಂದು ಹೊತ್ತು ತಪ್ಪಿತು ಅಂತ ಮುಂದಿನ ಹೊತ್ತಿಗೆ ಎರಡರಷ್ಟು ತಿನ್ನೋಣ ಅಂದರೆ, ಹೊಟ್ಟೆಯಲ್ಲಿ ಜಾಗ ಎಲ್ಲಿದೆ?

ಪ್ರೋಟೀನು ಸಾಲದೆ ಹೋದರೆ ದೇಹ ತನ್ನ ಸ್ನಾಯುವನ್ನೇ ಕರಗಿಸಿಕೊಳ್ಳುತ್ತದೆ. ತೂಕದ ಮಶೀನಿಗೆ ಕೊಬ್ಬು ಯಾವುದು, ಸ್ನಾಯು ಯಾವುದು ಅಂತ ಗೊತ್ತಾಗಲ್ಲ. ಎರಡು ಕೆಜಿ ಇಳಿದರೆ ಎರಡು ಕೆಜಿ ಅಂತ ತೋರಿಸುತ್ತದೆ, ನೀವು ಖುಷಿಪಡುತ್ತೀರಿ. ವ್ಯಾಯಾಮವನ್ನು ಮೇಸ್ತ್ರಿ ಅಂದುಕೊಳ್ಳಿ, ಪ್ರೋಟೀನನ್ನು ಇಟ್ಟಿಗೆ. ಮೇಸ್ತ್ರಿ ಬೆಳಗ್ಗೆ ಆರಕ್ಕೇ ಬಂದು ನಿಂತಿದ್ದಾನೆ, ಇಟ್ಟಿಗೆ ಲೋಡು ಬಂದಿಲ್ಲ. ಆಗ ಅವನು ಹಿಂದಿನ ಗೋಡೆಯಿಂದ ಕಿತ್ತು ಮುಂದಿನ ಗೋಡೆಗೆ ಇಡುತ್ತಾನೆ.

ಒಬ್ಬರು ಟೀಚರ್ ನನ್ನ ಹತ್ತಿರ ಬಂದಿದ್ದರು. ಆಪರೇಷನ್ ಆಗಿ ನಾಲ್ಕು ತಿಂಗಳು. ಬಳೆ ಮೊಣಕೈವರೆಗೂ ಜಾರುತ್ತಿತ್ತು. "ಎಲ್ಲರಿಗಿಂತ ಬೇಗ ಇಳಿದಿದ್ದೀನಿ ಮೇಡಂ" ಅಂತ ಹೆಮ್ಮೆಯಿಂದ ಹೇಳಿದರು. ಕೈ ಊರದೆ ಕುರ್ಚಿಯಿಂದ ಐದು ಸಲ ಎದ್ದು ಕೂತ್ಕೊಳ್ಳಿ ಅಂದೆ. ಎರಡು ಸಲ ಎದ್ದರು. ಮೂರನೇ ಸಲಕ್ಕೆ ಎರಡೂ ಅಂಗೈ ಮೊಣಕಾಲ ಮೇಲೆ ಬಂದವು. ನಾಲ್ಕನೇ ಸಲ ಏಳಲಿಲ್ಲ, ಸುಮ್ಮನೆ ನನ್ನ ಮುಖ ನೋಡಿದರು. ಏನು ತಿಂತೀರಿ ಅಂತ ಕೇಳಿದೆ. ಬೆಳಗ್ಗೆ ಖಾಲಿ ಹೊಟ್ಟೆಯಲ್ಲಿ ಒಂದೂವರೆ ಗಂಟೆ ನಡಿಗೆ, ಬಂದು ಕಾಫಿ, ಹತ್ತು ಗಂಟೆಗೆ ಅರ್ಧ ಇಡ್ಲಿ. ಮಧ್ಯಾಹ್ನ ಅತ್ತೆ ಪ್ರೀತಿಯಿಂದ ಬಸಿದು ಕೊಡುವ ಬೇಳೆ ಕಟ್ಟು. ರಾತ್ರಿ ಗಂಜಿ.

ಆ ಬೇಳೆ ಕಟ್ಟಿನ ಬಗ್ಗೆ ಇಲ್ಲೇ ಹೇಳಿಬಿಡುತ್ತೇನೆ. ಶಕ್ತಿಯೆಲ್ಲ ಕಟ್ಟಿನಲ್ಲೇ ಇರುತ್ತೆ ಅನ್ನೋದು ನಮ್ಮ ಮನೆಮನೆಯ ನಂಬಿಕೆ. ಪ್ರೋಟೀನು ಹೆಚ್ಚುಪಾಲು ಉಳಿಯುವುದು ಕೆಳಗಿನ ಬೇಳೆಯಲ್ಲಿ. ಕಟ್ಟು ಕುಡಿದರೆ ಹೊಟ್ಟೆ ತುಂಬುತ್ತದೆ, ಅಷ್ಟೇ. ಬೇಳೆಯನ್ನೇ ಕಿವುಚಿ ಗಟ್ಟಿಯಾಗಿ ತಿನ್ನಿ.

ಅವರಿಗೆ ನಡಿಗೆ ಅರ್ಧಕ್ಕೆ ಇಳಿಸಿ, ಊಟ ಸರಿಮಾಡಿ, ವಾರಕ್ಕೆ ಮೂರು ದಿನ ಕುರ್ಚಿ ವ್ಯಾಯಾಮ ಮತ್ತು ನೀರಿನ ಬಾಟಲಿ ಎತ್ತುವುದನ್ನು ಹೇಳಿಕೊಟ್ಟೆ. ಮುಂದಿನ ಎರಡು ತಿಂಗಳಲ್ಲಿ ತೂಕ ನಿಧಾನವಾಗಿಯೇ ಇಳಿಯಿತು. ಆದರೆ ವರಮಹಾಲಕ್ಷ್ಮಿ ಹಬ್ಬದ ದಿನ ಪೂಜೆಗೆ ನೆಲದ ಮೇಲೆ ಕೂತು, ಗೋಡೆ ಹಿಡಿಯದೆ ಎದ್ದೆ ಅಂತ ಫೋನ್ ಮಾಡಿದರು. ಆ ಫೋನು ನನಗೆ ಯಾವ ತೂಕದ ಚೀಟಿಗಿಂತಲೂ ದೊಡ್ಡದು.

"ಖಾಲಿ ಹೊಟ್ಟೆಯಲ್ಲಿ ನಡೆದರೆ ಕೊಬ್ಬೇ ಕರಗುತ್ತಂತೆ ಅಲ್ವಾ?" ಅಂತಲೂ ಕೇಳುತ್ತೀರಿ. ನಡೆಯುವ ಆ ಹೊತ್ತಿನಲ್ಲಿ ದೇಹ ಕೊಬ್ಬನ್ನು ಸ್ವಲ್ಪ ಜಾಸ್ತಿ ಬಳಸುತ್ತದೆ, ನಿಜ. ಉಳಿದ ಹೊತ್ತಿನಲ್ಲಿ ಅದನ್ನು ಸರಿದೂಗಿಸಿಕೊಳ್ಳುತ್ತದೆ. ವಾರದ ಕೊನೆಗೆ ನೋಡಿದರೆ ಲಾಭ ಏನೂ ಇರುವುದಿಲ್ಲ. ಶುಗರ್ ಮಾತ್ರೆ, ಇನ್ಸುಲಿನ್ ತಗೊಳ್ಳುವವರಿಗಂತೂ ಇದು ಅಪಾಯ. ಆಪರೇಷನ್ ಆದಮೇಲೆ ಬಿಪಿ, ಶುಗರ್ ಎರಡೂ ಬೇಗ ಇಳಿಯುತ್ತವೆ. ಹಳೇ ಡೋಸನ್ನೇ ನುಂಗಿ ಪಾರ್ಕಿನಲ್ಲಿ ತಲೆ ತಿರುಗಿ ಬಿದ್ದವರನ್ನು ನೋಡಿದ್ದೇನೆ. ಮೊದಲು ಡಾಕ್ಟರ್ ಹತ್ತಿರ ಹೋಗಿ ಡೋಸ್ ನೋಡಿಸಿ.

ಹಾಗಾದರೆ ಏನು ಮಾಡಬೇಕು? ಮೊದಲ ಆರು ವಾರ ನಡಿಗೆ ಮಾತ್ರ, ಹತ್ತು ಹತ್ತು ನಿಮಿಷ. ಭಾರ ಎತ್ತಬೇಡಿ, ನೀರಿನ ಕ್ಯಾನ್ ಕೂಡ. ಸರ್ಜನ್ ಸರಿ ಅಂದಮೇಲೆ ನಿಧಾನವಾಗಿ ಜಾಸ್ತಿ ಮಾಡುತ್ತಾ ವಾರಕ್ಕೆ 150 ನಿಮಿಷಕ್ಕೆ ತನ್ನಿ. ಜೊತೆಗೆ ಎರಡು ಮೂರು ದಿನ ಸ್ನಾಯುವಿಗೆ ಕೆಲಸ ಕೊಡುವ ವ್ಯಾಯಾಮ. ನಡೆಯಲು ಹೋಗುವ ಮುಂಚೆ ಅರ್ಧ ಲೋಟ ಹಾಲೋ, ಅರ್ಧ ಬಾಳೆಹಣ್ಣೋ ಸಾಕು. ಬಂದು ಒಂದು ಗಂಟೆಯೊಳಗೆ ತಿಂಡಿ, ಅದರಲ್ಲಿ ಮೊಟ್ಟೆಯೋ ಪನೀರೋ ಇರಲಿ. ಒಂದು ಮೊಟ್ಟೆಯಲ್ಲಿ 6 ಗ್ರಾಂ, 100 ಗ್ರಾಂ ಪನೀರಿನಲ್ಲಿ ಸುಮಾರು 18 ಗ್ರಾಂ ಪ್ರೋಟೀನ್ ಸಿಗುತ್ತದೆ. ನೀರನ್ನು ಗುಟುಕು ಗುಟುಕಾಗಿ ದಿನವಿಡೀ ಕುಡಿಯಿರಿ, ಒಂದೂವರೆ ಲೀಟರಿಗೆ ಕಮ್ಮಿ ಆಗಬಾರದು. ಗಟಗಟ ಕುಡಿಯುವ ಕಾಲ ಮುಗಿಯಿತು.

ತೂಕ ನಿಂತಿರುವುದಕ್ಕೆ ಗಾಬರಿ ಬೇಡ. ಎಲ್ಲರಿಗೂ ನಡುನಡುವೆ ಹೀಗಾಗುತ್ತದೆ. ವಾರಕ್ಕೊಮ್ಮೆ ಮಾತ್ರ ತೂಕ ನೋಡಿ. ಹದಿನೈದು ದಿನಕ್ಕೊಮ್ಮೆ ಸೊಂಟಕ್ಕೆ ಟೇಪ್ ಹಿಡಿಯಿರಿ.

ಎರಡು ಎಚ್ಚರಿಕೆ. ವ್ಯಾಯಾಮದಿಂದ ಮೈಕೈ ನೋವು ಅಂತ ಮೆಡಿಕಲ್ ಶಾಪಿನಿಂದ ಬ್ರೂಫೆನ್ ಥರದ ಮಾತ್ರೆ ತಂದು ನುಂಗಬೇಡಿ, ಮುಖ್ಯವಾಗಿ ಬೈಪಾಸ್ ಆದವರು. ಹೊಟ್ಟೆಯಲ್ಲಿ ಹುಣ್ಣಾಗುತ್ತದೆ. ಇನ್ನೊಂದು, ದಿನಗಟ್ಟಲೆ ವಾಂತಿ ಆಗುತ್ತಾ ಪಾದ ಜೋಮು ಹಿಡಿದರೆ, ನಡಿಗೆ ತೂರಾಡಿದರೆ ಸುಸ್ತು ಅಂದುಕೊಂಡು ಮಲಗಬೇಡಿ. ಅದು ಬಿ1 ವಿಟಮಿನ್ ಕೊರತೆ ಇರಬಹುದು. ಅವತ್ತೇ ಆಸ್ಪತ್ರೆಗೆ ಹೋಗಿ.

ಇಷ್ಟು ಹೇಳಿದಮೇಲೆ ಇನ್ನೊಂದು ವಿಷಯ ಬಿಡೋಕೆ ಮನಸ್ಸಾಗುತ್ತಿಲ್ಲ, ನೀವು ಕೇಳದಿದ್ದರೂ. ಮುದ್ದೆ ತಿನ್ನಬಹುದಾ? ತಿನ್ನಬಹುದು, ಮೃದು ಆಹಾರದ ಹಂತ ದಾಟಿದ ಮೇಲೆ. ಆದರೆ ನಮ್ಮ ಕಡೆ ಚಿಕ್ಕಂದಿನಿಂದ ಹೇಳಿಕೊಟ್ಟಿರೋದು ಏನು? ಮುದ್ದೆ ಅಗಿಯಬಾರದು, ನುಂಗಬೇಕು. ಆ ಅಭ್ಯಾಸ ಈಗ ಬಿಡಲೇಬೇಕು. ನುಂಗಿದ ತುತ್ತು ಈ ಸಣ್ಣ ಕೊಳವೆಯ ಬಾಯಲ್ಲಿ ಸಿಕ್ಕಿಕೊಂಡು ಎದೆ ಹಿಡಿದ ಹಾಗಾಗುತ್ತದೆ, ಕಣ್ಣಲ್ಲಿ ನೀರು ಬರುತ್ತದೆ. ಕಡಲೆಕಾಳಿನಷ್ಟು ಮುರಿದು, ಸಾರಿನ ಕಾಳಿನ ಜೊತೆ ಅಗಿದು ತಿನ್ನಿ. ಕಾಳು ಮೊದಲು, ಮುದ್ದೆ ಆಮೇಲೆ. 100 ಗ್ರಾಂ ರಾಗಿ ಹಿಟ್ಟಿನಲ್ಲಿ ಪ್ರೋಟೀನು ಇರುವುದು 7 ಗ್ರಾಂ ಅಷ್ಟೇ, ಅಷ್ಟು ದೊಡ್ಡ ಮುದ್ದೆ ನಿಮಗೆ ಸೇರುವುದೂ ಇಲ್ಲ.

ಮದುವೆ ಊಟಕ್ಕೂ ಇದೇ ಲೆಕ್ಕ. ಎಲೆ ತುದಿಗೆ ಪಾಯಸ ಬಡಿಸುತ್ತಾರೆ, ಮೊದಲು ಅದನ್ನೇ ಮುಟ್ಟುವುದು ಪದ್ಧತಿ. ಬೈಪಾಸ್ ಆದವರಿಗೆ ಸಿಹಿ ಸೀದಾ ಕರುಳಿಗೆ ಇಳಿದು ಎದೆ ಡವಡವ, ಬೆವರು, ಹೊಟ್ಟೆನೋವು ಶುರುವಾಗಬಹುದು. ಬೆರಳ ತುದಿಗೆ ತಗೊಂಡು ನಾಲಿಗೆಗೆ ಮುಟ್ಟಿಸಿ, ಸಾಕು. ಹೆಸರುಬೇಳೆ ಕೋಸಂಬರಿ ಬಂದಾಗ ಅದನ್ನು ಎರಡು ಸಲ ಹಾಕಿಸಿಕೊಳ್ಳಿ, ನುಣ್ಣಗೆ ಅಗಿದು ತಿನ್ನಿ. ಮಜ್ಜಿಗೆಯನ್ನು ಎಲೆ ಮುಂದೆ ಕೂತಾಗ ಬೇಡ ಅನ್ನಿ. ಊಟ ಮುಗಿಸಿ ಕೈ ತೊಳೆದು, ಅರ್ಧ ಗಂಟೆ ಬಿಟ್ಟು, ಅಡುಗೆಮನೆ ಕಡೆ ಹೋಗಿ ಒಂದು ಲೋಟ ಕೇಳಿ. ಯಾರೂ ಇಲ್ಲ ಅನ್ನಲ್ಲ.